ಹಸಿರು ಬೆಳಕಿನಲ್ಲಿ ಕೆಂಪು ಸೀರೆ

ಅಕ್ಕನ ಮಗಳ ನಿಶ್ಚಯದ ದಿನ ನಡುಮನೆಯಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿದ್ದರು ಎಂದು ಈಗಲೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಜಮಖಾನದ ಈ ಕಡೆ ನಮ್ಮ ಅವ್ವ, ಅಕ್ಕ, ಭಾವ. ಆ ಕಡೆ ನಲ್ಲಂಪಳ್ಳಿಯಿಂದ ವ್ಯಾನು ಮಾಡಿಕೊಂಡು ಬಂದಿದ್ದ ಗಂಡಿನವರು. ಅವರಲ್ಲಿ ಎಲ್ಲರಿಗಿಂತ ಮುಂದೆ, ಗೋಡೆಗೂ ಒರಗದೆ ನೆಟ್ಟಗೆ ಕೂತಿದ್ದವರು ಗಂಡಿನ ಅಜ್ಜಿ. ಒಳಕೋಣೆಯ ಬಾಗಿಲ ಸಂದಿಯಲ್ಲಿ ಹುಡುಗಿಯ ಅರ್ಧ ಮುಖ. ನಾನು ತಲೆಬಾಗಿಲ ಪಕ್ಕ ನಿಂತಿದ್ದೆ, ಅಂಗಿಯ ಜೇಬಿನಲ್ಲಿ ರಿಮೋಟು ಇಟ್ಟುಕೊಂಡು.

ನಮ್ಮ ಕಡೆ ಅಕ್ಕನ ಮಗಳಿಗೆ ಯಾವ ಶುಭಕಾರ್ಯ ನಡೆದರೂ ಸೋದರಮಾವ ಸೀರು, ಅಂದರೆ ತವರಿನ ಉಡುಗೊರೆ, ಹೊತ್ತು ಬರಬೇಕು. ಕೆಲವರು ಪಾತ್ರೆ ತರುತ್ತಾರೆ, ಕೆಲವರು ಒಡವೆ ತರುತ್ತಾರೆ. ನಾನು ಸೇಲಂ ಕಡೆಯ ಮೇಚೇರಿ ಸುತ್ತಮುತ್ತ ಮನೆಗಳಿಗೆ ಲೈಟು ಹಾಕುವವನು. "ಮಾಮ, ನಂಗೆ ಪಾತ್ರೆಗೀತ್ರೆ ಬ್ಯಾಡ. ಬಣ್ಣ ಮಾರೋ ಲೈಟ್ ಆಕ್ಕೊಡು, ಪೋಟೋ ಚಂದಾಗಿ ಬರ್ತೈತೆ" ಎಂದು ಹುಡುಗಿಯೇ ಕೇಳಿದ್ದಳು. ಮಾರೋದು ಎಂದರೆ ನಮ್ಮ ಕಡೆ ಬದಲಾಗುವುದು. ಅವ್ವನಿಗೆ ಮಾತ್ರ ಇದು ಸರಿಬರಲಿಲ್ಲ.

"ಬೆಳ್ಕು ಒಂದು ಸೀರೇನ್ಲಾ? ತಟ್ಟೇಲಿಕ್ಕಿ ನಾಕ್ ಜನಕ್ಕೆ ತೋರ್ಸಕ್ಕಾಯ್ತದಾ?"

"ತಟ್ಟೆಯಾಕವ್ವ, ಮನೆ ತುಂಬ ತೋರ್ಸ್ತೀನಿ" ಎಂದು ಜಂಬ ಕೊಚ್ಚಿದೆ.

ಚಾವಣಿಯ ಸುತ್ತ ಅಂಚು ಕಟ್ಟಿಸಿ ಅದರೊಳಗೆ ಎಲ್‌ಇಡಿ ಪಟ್ಟಿ ಹಾಸಿದ್ದೆ. ಪಟ್ಟಿ ಕಣ್ಣಿಗೆ ಬೀಳುವುದಿಲ್ಲ, ಬೆಳಕು ಮಾತ್ರ ಗೋಡೆಯ ಮೇಲೆ ಇಳಿದು ಬರುತ್ತದೆ. ಕೆಂಪು, ಹಸಿರು, ನೀಲಿ, ಬಿಳಿ ಇವನ್ನು ಹೆಚ್ಚುಕಡಿಮೆ ಮಾಡಿ ಬೇಕಾದ ಬಣ್ಣ ಬೆರೆಸಿಕೊಳ್ಳಬಹುದು. ಹಿಂದಿನ ಸಂಜೆ ಬಹಳ ಹೊತ್ತು ಕೂತು, ಬಿಳಿಗೆ ಒಂದು ಚೂರು ಹಳದಿ ಸೇರಿಸಿ, ಅರಿಶಿನ ಹಚ್ಚಿ ತೊಳೆದ ಮುಖದಂಥ ಬೆಳಕು ಮಾಡಿಟ್ಟಿದ್ದೆ. ಹಳೆಯ ಟ್ಯೂಬ್‌ಲೈಟನ್ನು ಕಿತ್ತೇ ಹಾಕಿದ್ದೆ. ಕಿಟಕಿಗಳಿಗೆ ಅಡ್ಡವಾಗಿ ಫೋಟೋದವರು ಹೂವಿನ ಪರದೆ ನಿಲ್ಲಿಸಿದ್ದರು, ಹೊರಗೆ ಜಗಲಿಗೆ ಶಾಮಿಯಾನ. ಹೀಗಾಗಿ ಹಾಡುಹಗಲಲ್ಲೂ ನಡುಮನೆಗೆ ನನ್ನ ಬೆಳಕೇ ಗತಿ.

ಆ ಪಟ್ಟಿಗೆ ಬಣ್ಣ ಬೆರೆಸಿಕೊಡುವ ಡಬ್ಬಿಗೆ ಒಂದು ಕೆಟ್ಟ ಚಾಳಿಯಿತ್ತು. ಕರೆಂಟು ತಪ್ಪಿ ಬಂದರೆ ಬೆರೆಸಿಟ್ಟ ಬಣ್ಣವನ್ನು ಮರೆತು, ತನ್ನಷ್ಟಕ್ಕೆ ಒಂದಾದ ಮೇಲೊಂದು ಬಣ್ಣ ತೋರಿಸುತ್ತಾ ಹೋಗುತ್ತದೆ. "ಸ್ವಿಚ್ ಮುಟ್ಬ್ಯಾಡಕ್ಕ, ರಾತ್ರಿಯೆಲ್ಲ ಉರೀಲಿ" ಎಂದು ಅಕ್ಕನಿಗೆ ಹೇಳಿ ಹೋಗಿದ್ದೆ. ಕರೆಂಟು ಹೋದರೆ ಇನ್ವರ್ಟರ್ ಇದೆಯಲ್ಲ ಎಂಬ ಧೈರ್ಯ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ನಡುವೆ ರೆಪ್ಪೆ ಬಡಿಯುವಷ್ಟು ಕತ್ತಲು ಇರುತ್ತದೆ, ಮರೆಯಲು ಡಬ್ಬಿಗೆ ಅಷ್ಟು ಸಾಕು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ನನ್ನ ಕಸುಬೇ ಅದಲ್ಲವೇ.

ಎರಡೂ ಕಡೆಯ ತಾಂಬೂಲದ ತಟ್ಟೆಗಳನ್ನು ಎದುರುಬದುರು ಇಟ್ಟರು. ತಟ್ಟೆ ಕೈಬದಲಾದರೆ ಮಾತು ಕೊಟ್ಟಂತೆ. ಅಲ್ಲಿಯವರೆಗೆ ಯಾರು ಬೇಕಾದರೂ ಎದ್ದು ಹೋಗಬಹುದು. ರಾಹುಕಾಲ ಹಿಡಿಯಲು ಇನ್ನು ಕಾಲು ಗಂಟೆ ಇತ್ತು.

ಆಗ ಕರೆಂಟು ಹೋಯಿತು.

ಬೆಳಕು ಒಮ್ಮೆ ಆರಿ ಹತ್ತಿತು. ಹತ್ತಿದ್ದು ಕೆಂಪಗೆ. ನಾನು ಗಾಬರಿಯಾಗದೆ ರಿಮೋಟು ತೆಗೆದು ಬಿಳಿಯ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕೆಂಪು ಮೆಲ್ಲಗೆ ಕರಗಿ ಹಸಿರು ತುಂಬಿಕೊಂಡಿತು. ಮುಖಗಳೆಲ್ಲ ಪಾಚಿ ಹಿಡಿದಂತಾದವು. ಸರಿಯಾಗಿ ಆ ಗಳಿಗೆಯಲ್ಲೇ ಗಂಡಿನ ಅಜ್ಜಿ ಹುಡುಗಿಗೆಂದು ತಂದಿದ್ದ ರೇಷ್ಮೆ ಸೀರೆಯನ್ನು ಬಿಡಿಸಿ, ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಹರಡಿದರು.

ಸೀರೆ ಇದ್ದಿಲಿನ ಹಾಗೆ ಕಂಡಿತು.

"ಅಯ್ಯೋ ಸಿವನೇ!" ಎಂದಳು ನಮ್ಮವ್ವ, ಎದೆಯ ಮೇಲೆ ಕೈಯಿಟ್ಟು. "ಒಸಗೆಗೆ ಕರ್ಪು ಸೀರೆ ತಂದವ್ರಲ್ಲಾ!"

ಪಿಸುಮಾತೆಂದುಕೊಂಡೇ ಆಡಿದ್ದಳು. ಅವ್ವನ ಪಿಸುಮಾತು ಹೊಲದ ಆ ಬದುವಿಗೂ ಕೇಳಿಸುತ್ತದೆ.

ಗಂಡಿನ ಅಜ್ಜಿ ಸೀರೆಯನ್ನು ನೋಡಿಕೊಳ್ಳಲೂ ಇಲ್ಲ, ಅವ್ವನನ್ನೇ ನೋಡುತ್ತಿದ್ದರು.

"ಯಾರಮ್ಮ ಕರ್ಪು ಅಂದೋರು? ನಾಕಂಗಡಿ ಅತ್ತಿಳ್ದು ನಾನೇ ಆರ್ಸಿ ತಂದಿವ್ನಿ. ಎಣ್ಣು ಕೊಡಕ್ಕೆ ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಯೋಳಿ. ಸೀರೆ ಮ್ಯಾಕೆ ಆಕ್ಬ್ಯಾಡಿ."

ಗಂಡಿನ ದೊಡ್ಡಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಎದ್ದು ನಿಲ್ಲುವುದೊಂದೇ ಬಾಕಿ. ಬಾಗಿಲ ಸಂದಿಯಲ್ಲಿದ್ದ ಅರ್ಧ ಮುಖ ನನ್ನ ಕಡೆ ತಿರುಗಿತು. ಅವಳು ನೋಡಿದ್ದು ಸೀರೆಯನ್ನಲ್ಲ, ನನ್ನ ಕೈಯಲ್ಲಿದ್ದ ರಿಮೋಟನ್ನು.

ಆರಿಸಿಯಾದರೂ ಬಿಡೋಣವೆಂದು ಸ್ವಿಚ್ಚಿಗೆ ಕೈ ಹಾಕಿದೆ.

"ಕೈ ತಗೀಲಾ!" ಅಕ್ಕ ಚೀರಿದಳು. "ತಟ್ಟೆ ಮುಂದಿರೋವಾಗ ಬೆಳ್ಕಾರಿಸ್ತೀಯಾ? ನನ್ ಮಗಳ ಬದ್ಕಲ್ಲಿ ಕತ್ಲು ಮಾಡ್ತೀಯಾ?"

ಕೈ ತೆಗೆದೆ. ಹಸಿರು ಹೋಗಿ ನೀಲಿ ಬಂತು. ಸೀರೆ ಇನ್ನೂ ಕಪ್ಪಗೇ ಇತ್ತು. ರಿಮೋಟಿನ ಸೆಲ್ಲು ಉಜ್ಜಿದೆ, ಒತ್ತಿದೆ. ಇಲ್ಲ. ರಿಮೋಟಿನ ಮಾತನ್ನು ಕೇಳಿಸಿಕೊಳ್ಳಲು ಡಬ್ಬಿಗೆ ಒಂದು ಕಣ್ಣಿರುತ್ತದೆ, ಸಣ್ಣ ಕಪ್ಪು ಮಣಿಯಷ್ಟು. ಅದನ್ನು ತಂತಿಯ ತುದಿಯಲ್ಲಿ ತಲೆಬಾಗಿಲ ಚೌಕಟ್ಟಿನ ಪಕ್ಕಕ್ಕೆ, ತಲೆಯೆತ್ತರಕ್ಕೆ ಅಂಟಿಸಿದ್ದೆ. ತಂತಿ ಕಿತ್ತಿದೆಯೇನೋ ಎಂದು ಅತ್ತ ತಿರುಗಿದೆ.

ಮಣಿ ಕಾಣಲೇ ಇಲ್ಲ. ಅದರ ಜಾಗದಲ್ಲಿ ಗಂಧ ಇತ್ತು, ದಪ್ಪಗೆ ಒಣಗಿದ್ದ ಗಂಧ. ಅದರ ಮೇಲೆ ಕುಂಕುಮ.

ಮನೆಗೆ ಹೊಸದಾಗಿ ಏನೇ ಬಂದರೂ ಅವ್ವ ಬೊಟ್ಟಿಡದೆ ಬಿಡುವವಳಲ್ಲ. ಪಂಪ್‌ಸೆಟ್ಟಿಗೆ ಇಟ್ಟಿದ್ದಾಳೆ, ಮಿಕ್ಸಿಗೆ ಇಟ್ಟಿದ್ದಾಳೆ, ನನ್ನ ಡ್ರಿಲ್ಲಿಂಗ್ ಮೆಷಿನ್ನಿಗೂ ಇಟ್ಟಿದ್ದಾಳೆ. ಬೆಳಕು ಸೀರಲ್ಲ ಎಂದು ಬೈದವಳೇ, ಬೆಳಿಗ್ಗೆ ಎದ್ದು ಮಿಂದು, ಮಗ ತಂದ ಸೀರಿಗೆ ಹಣೆ ಯಾವುದೆಂದು ಹುಡುಕಿ ಬೊಟ್ಟಿಟ್ಟು ಬಂದಿದ್ದಳು.

ಉಗುರಿನಿಂದ ಕೆರೆದೆ. ಗುಂಡಿ ಒತ್ತಿದೆ. ನಡುಮನೆ ಬೆಳ್ಳಗಾಯಿತು. ಅಜ್ಜಿಯ ಮೊಣಕಾಲ ಮೇಲಿನ ಸೀರೆ ಕೆಂಪಗೆ, ದಾಳಿಂಬೆ ಬಿಡಿಸಿಟ್ಟ ಹಾಗೆ.

"ತಪ್ಪು ನಂದು ಅಜ್ಜೀ" ಎಂದೆ. "ಸೀರೆ ಕೆಂಪೇ. ಅಸಿರು ಬೆಳ್ಕಲ್ಲಿ ಕೆಂಪು ಕರ್ಪಾಗಿ ಕಾಣ್ತದೆ. ಲೈಟು ಸರಿಯಾಗಿ ಮಾಡ್ದೇ ಓಗಿದ್ದು ನಾನು."

ಕುಂಕುಮ ಮೆತ್ತಿದ್ದ ಉಗುರನ್ನು ಮುಷ್ಟಿಯೊಳಗೆ ಮಡಿಸಿಕೊಂಡೆ.

ಅಜ್ಜಿಯ ಕೋಪ ಇಳಿಯಲಿಲ್ಲ. "ಈಗ ಕೆಂಪು, ಆವಾಗ ಕರ್ಪು. ನಿಮ್ಮನೇಲಿ ಬೆಳ್ಕಂಗೇ ಬಾಯೂ ಬಣ್ಣ ಮಾರ್ತದೇನಪ್ಪ?"

ಅವ್ವನ ಮುಖ ಸಪ್ಪಗಾಯಿತು. ಭಾವ ಗೋಡೆಯ ಗಡಿಯಾರ ನೋಡುತ್ತಿದ್ದರು. ಏಳು ನಿಮಿಷ ಉಳಿದಿತ್ತು. ಅಜ್ಜಿ ಸೀರೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಎದ್ದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮುಗಿಯಿತು ಎಂದುಕೊಂಡೆ.

ಅಜ್ಜಿ ಅವ್ವನ ಮುಂದೆ ಬಂದು ನಿಂತರು.

"ಏಳಮ್ಮ. ಇವ್ನ ಬೆಳ್ಕೂ ಬ್ಯಾಡ, ಮಾತೂ ಬ್ಯಾಡ. ಬಿಸ್ಲಿಗೆ ಬಾ."

ಇಬ್ಬರೂ ಶಾಮಿಯಾನ ದಾಟಿ ಅಂಗಳಕ್ಕೆ ಹೋದರು. ಒಳಗೆ ಒಬ್ಬರೂ ಅಲುಗಲಿಲ್ಲ. ದೊಡ್ಡಪ್ಪನ ಟವೆಲು ಹೆಗಲ ಮೇಲೇ ಇತ್ತು. ಹೊರಗಿನ ಮಾತು ಕೇಳಿಸುತ್ತಿರಲಿಲ್ಲ. ಅವ್ವ ಇಷ್ಟು ಮೆತ್ತಗೆ ಮಾತಾಡುತ್ತಿದ್ದಾಳೆಂದೇ ನನಗೆ ಇನ್ನಷ್ಟು ಭಯ. ಗಡಿಯಾರದ ಮುಳ್ಳು ಮೂರು ಗೆರೆ ದಾಟಿತು.

ಆಮೇಲೆ ಅಜ್ಜಿ ಬಂದರು. ಹಿಂದೆಯೇ ಅವ್ವ, ಸೀರೆಯ ಸೆರಗು ನೆಲಕ್ಕೆ ತಾಗದಂತೆ ತನ್ನ ತೋಳ ಮೇಲೆ ಹಾಕಿಕೊಂಡು.

"ಏನ್ ನೋಡ್ತಾ ಕುಂತಿದ್ದೀಯಾ?" ಅಜ್ಜಿ ದೊಡ್ಡಪ್ಪನನ್ನು ಗದರಿದರು. "ಟೈಮಾಗ್ಲಿಲ್ವಾ? ಮೊದ್ಲು ತಟ್ಟೆ ಎತ್ತು."

ತಟ್ಟೆಗಳು ಕೈಬದಲಾದವು. ಬಾಗಿಲ ಸಂದಿಯ ಮುಖ ಆಗ ಪೂರ್ತಿ ಹೊರಗೆ ಬಂತು.

ಅಂಗಳದಲ್ಲಿ ಏನು ಮಾತಾಡಿಕೊಂಡರೆಂದು ಅವ್ವ ಇವತ್ತಿಗೂ ಹೇಳಿಲ್ಲ. ಬೊಟ್ಟಿನ ವಿಷಯ ನಾನೂ ಅವಳಿಗೆ ಹೇಳಿಲ್ಲ. ಮರುವಾರ ಹೋಗಿ ಆ ಡಬ್ಬಿ ಬದಲಿಸಿ, ಕರೆಂಟು ಹೋದರೂ ಬಣ್ಣ ಮರೆಯದ್ದನ್ನು ಹಾಕಿದೆ. ಕಣ್ಣನ್ನು ಅವ್ವನ ಕೈಗೆ ಎಟುಕದಷ್ಟು ಮೇಲಕ್ಕೆ ಏರಿಸಿದೆ.

ಧಾರೆ ಸೀರೆ ಕೊಳ್ಳಲು ಸೇಲಂಗೆ ಹೋದಾಗ ಗಂಡಿನ ಅಜ್ಜಿ ಅವ್ವನನ್ನೂ ಬರಹೇಳಿದರು. ಅಂಗಡಿಯ ಚಾವಣಿಯ ತುಂಬ ದೀಪಗಳಿದ್ದವು. ಇಬ್ಬರೂ ಅದರ ಕೆಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದೊಂದು ತುದಿ ಹಿಡಿದುಕೊಂಡು ಮೆಟ್ಟಿಲಿಳಿದು ಬೀದಿಗೆ ಬಂದರು, ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ಒಳಗೆ ಹೋಗಿ ಅದನ್ನೇ ಕಟ್ಟಿಸಿದರು.