ಪಟದ ಮುಂದಿನ ಹುಳಿಹಾಲು

ಜಪಾನಿನ ಅಕಿತಾದ ವೃದ್ಧಾಶ್ರಮದ ಪಡಸಾಲೆಯಲ್ಲಿ ಸೀಸೆಗಳು ಕಿಣಿಕಿಣಿ ಎಂದವು. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಹುಳಿಹಾಲು ಕುಡಿದರೆ ಮುಪ್ಪಿನ ಮೈಗೆ ಫ್ಲೂ ಲಸಿಕೆ ಚೆನ್ನಾಗಿ ಹತ್ತೀತೇ ಎಂದು ನೋಡಲು ವೈದ್ಯರು ದಿನವೂ ಎಲ್ಲರಿಗೂ ಅದನ್ನು ಕೊಡಿಸುತ್ತಿದ್ದರು. ಕಿಕುನೊ ಮಾತ್ರ ತನ್ನ ಸೀಸೆಯನ್ನು ಹತ್ಸುಯೋಳ ಪಟದ ಮುಂದಿಟ್ಟು ಕೈಮುಗಿದು, ಸಂಜೆ ಚೆಲ್ಲಿಬಿಡುತ್ತಿದ್ದಳು. ಹೋದ ಚಳಿಗಾಲದಲ್ಲಿ ಲಸಿಕೆ ಹಾಕಿಸಿಕೊಂಡೂ ಫ್ಲೂನಿಂದ ತೀರಿಕೊಂಡ ಗೆಳತಿ ಆಕೆ.

ಅಂದು ಚೆಲ್ಲಲು ಹೊರಟಾಗ ದಾದಿ ಮಿಜುಹೊ ನೋಡಿಬಿಟ್ಟಳು. "ಅಜ್ಜಿ, ಮುಂದಿನ ತಿಂಗಳು ಸೂಜಿ ಚುಚ್ಚೋದು ನಿಮಗೆ, ಪಟಕ್ಕಲ್ಲ!"

"ಅವಳಿಗೆ ಕೊಡದೆ ನಾನೊಬ್ಬಳೇ ಹೇಗೆ ಉಳೀಲಿ, ಮಗಾ?"

"ಎಡೆ ಇಟ್ಟಿದ್ದನ್ನ ಇಳಿಸಿ ನಾವೇ ತಿನ್ನಲ್ವಾ? ಚೆಲ್ಲಿದ್ರೆ ಹತ್ಸುಯೋ ಅಜ್ಜಿ ಬೈತಾರೆ."

ಕಿಕುನೊ ಸೀಸೆಯನ್ನು ಹಣೆಯವರೆಗೆ ಎತ್ತಿ, ಆಮೇಲೆ ನಿಧಾನವಾಗಿ ಕುಡಿದಳು. ಕಣ್ಣೊರೆಸಿಕೊಂಡು ಬಾಗಿಲಿನತ್ತ ನಡೆದಳು. "ಹುಳಿ ಅಂದ್ರೆ ಅವಳಿಗೆ ಆಗ್ತಾನೇ ಇರಲಿಲ್ಲ ಬಿಡು. ನಾಳೆಯಿಂದ ಅವಳಿಗೆ ತೋರಿಸಿ, ನಾನೇ ಕುಡೀತೀನಿ."