ಮಾಮನ ತಂತಿ

'ತಾಯಿ ಸೀರಿಯಸ್, ತಕ್ಷಣ ಹೊರಡು' ಎಂಬ ತಂತಿ ಬಂದಾಗ ನಾನು ಹೈದರಾಬಾದಿನ ಒಂದು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತು ಬೂಟಿನ ಮಣ್ಣು ಕೆರೆಯುತ್ತಿದ್ದೆ. ಮರುದಿನ ಮಧ್ಯಾಹ್ನ ಹೊರದೇಶದ ತಂಡದ ವಿರುದ್ಧ ಪಂದ್ಯ. ಭಾರತದ ಮಹಿಳಾ ಫುಟ್‌ಬಾಲ್ ತಂಡದ ನಾಯಕಿಯಾಗಿ ನನಗದು ಮೊದಲನೆಯದು. ತಂತಿಯ ಕೆಳಗೆ ಸೋದರಮಾವನ ಹೆಸರಿತ್ತು. ಅವ್ವನ ಮುಖ ಕಣ್ಣೆದುರು ಬರುವ ಮೊದಲೇ ನನ್ನ ಮನಸ್ಸು ಇದು ಸುಳ್ಳು ಅಂದಿತು.

ಹಾಗನ್ನಿಸಲು ಕಾರಣವಿತ್ತು. ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ರೈಲ್ವೆ ಕಾಲೊನಿಯ ಮೈದಾನದಲ್ಲಿ ನನಗೆ ಆಟ ಕಲಿಸಿದವರು ಪಕ್ಕದ ಕ್ವಾರ್ಟರ್ಸಿನ ಇಂಜಿನ್ ಡ್ರೈವರ್ ಚಾಚಾ. ನನ್ನನ್ನು ಡಿಫೆನ್ಸಿನಲ್ಲಿ ನಿಲ್ಲಿಸಿದವರೂ ಅವರೇ. "ಚೆಂಡ ತಗೊಂಡು ಬರೋರ ಕಣ್ಣ ನೋಡಬ್ಯಾಡ ಬೇಟಿ. ಕಣ್ಣು ಸುಳ್ಳ ಹೇಳ್ತಾವ, ಕಾಲೂ ಹೇಳ್ತಾವ. ಸೊಂಟ ನೋಡು, ಅದು ಹೇಳಂಗಿಲ್ಲ" ಎನ್ನುತ್ತಿದ್ದರು. ಎದುರಿನವರನ್ನು ನಂಬದಿರುವುದೇ ನನ್ನ ಕೆಲಸವಾಯಿತು.

ಊರಿನವರೂ ನನ್ನನ್ನು ನಂಬುತ್ತಿರಲಿಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾಗಿ ಬೆಂಗಳೂರಿಗೆ ಹೊರಟಾಗ ನಳದ ಹತ್ತಿರ ಒಬ್ಬಾಕೆ, "ಖರೇನ ಆಟಕ್ಕ ಹೊಂಟಿಯೇನ, ಏನ್ ಮತ್ತ?" ಎಂದು ಕೇಳಿದಳು. ಶಿಬಿರದಿಂದ ಬರುತ್ತಿದ್ದ ಕಾಗದಗಳನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅನುಮಾನ ಮಾಮನಿಗೆ. ಅವನು ಚಿತ್ತಾಪುರದ ತಹಶೀಲ ಕಚೇರಿಯಲ್ಲಿ ಕಾರಕೂನ. ಅವ್ವನ ತವರಿನಲ್ಲಿ ಅವನ ಮಾತೇ ಕೊನೆಯ ಮಾತು.

ಹಿಂದಿನ ವರ್ಷ, ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆಂದು ಅವನು ಹೇಳಿ ಕಳಿಸಿದ್ದ. ಭಾರತ ತಂಡದ ಶಿಬಿರವನ್ನು ಅರ್ಧಕ್ಕೇ ಬಿಟ್ಟು ಚಿತ್ತಾಪುರಕ್ಕೆ ಓಡಿ ಬಂದೆ. ಅಜ್ಜಿ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎದುರಿನ ಜಮಖಾನದ ಮೇಲೆ ಕನ್ಯೆ ನೋಡಲು ಸೇಡಂನಿಂದ ಬಂದ ಐದು ಮಂದಿ. ಹುಡುಗನ ತಾಯಿ ನನ್ನ ಕಾಲನ್ನೇ ನೋಡುತ್ತ, "ಒಂದೀಟು ನಡದ್ ತೋರ್ಸವಾ. ಆಟ ಆಡಿ ಕಾಲ್ ಏನರ ಕುಂಟ್ಯಾವೋ ಏನೋ" ಅಂದಳು. ನಾನು ನಡೆದು ತೋರಿಸಿದೆ. ಬಾಗಿಲು ದಾಟಿ ನೆಟ್ಟಗೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಆ ವರ್ಷ ತಂಡದಲ್ಲಿ ನನ್ನ ಜಾಗ ಬೇರೆಯವಳಿಗೆ ಹೋಯಿತು.

ಅದಕ್ಕೇ ಈ ತಂತಿಯನ್ನು ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೋಚ್, ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು ಅಂದರು. ನಾನಿಲ್ಲದಿದ್ದರೆ ನಾಯಕಿಯಾಗಬೇಕಿದ್ದ ಹುಡುಗಿ ಬಂದು ನನ್ನ ಬಟ್ಟೆ ಮಡಚತೊಡಗಿದಳು. ಒಳ್ಳೆಯ ಹುಡುಗಿ. ಆದರೂ ನನ್ನನ್ನು ಕಳಿಸಲು ಇವಳಿಗೇಕೆ ಇಷ್ಟು ಅವಸರ ಎಂದು ನನಗೆ ಅನ್ನಿಸಿತು. ಮಡಚಿದ್ದನ್ನು ಅವಳ ಕೈಯಿಂದ ಕಸಿದುಕೊಂಡು ಗೂಟಕ್ಕೆ ಹಾಕಿದೆ.

ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿ, ವಾಡಿಯ ಪಾಯಿಂಟ್ಸ್‌ಮನ್ನನ ಮಗಳು ಎಂದು ಹೇಳಿಕೊಂಡು ರೈಲ್ವೆ ಫೋನಿನಲ್ಲಿ ವಾಡಿಗೆ ಲೈನು ಹಾಕಿಸಿದೆ. ಅಪ್ಪನನ್ನು ಕರೆತರಲು ಅರ್ಧ ತಾಸು ಹಿಡಿಯಿತು.

"ಯಪ್ಪಾ, ಅವ್ವಗ ಏನಾಗ್ಯದ?"

ಆ ಕಡೆ ಗೂಡ್ಸ್ ಗಾಡಿ ಶಂಟಿಂಗ್ ಆಗುವ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅಪ್ಪ, "ಏನೂ ಆಗಿಲ್ಲ. ಆರಾಮ ಅದಾಳ" ಅಂದ.

"ಮಾಮ ತಂತಿ ಹಾಕ್ಯಾನ."

"ಹಾಕಿರಬೇಕು. ನೀ ಆಡಿ ಬಾ."

"ಮತ್ತ ಯಾರಿಗೋ ತೋರ್ಸಲಿಕ್ಕ ಕರಸಾಕತ್ತಾನ. ಇನ್ನ ಮ್ಯಾಲ ಅವನ ಮಾರಿ ನೋಡಂಗಿಲ್ಲ ನಾ. ಹಂಗಂತ ಅವಗ ಹೇಳು."

"ಹೂಂ" ಎಂದು ಅಪ್ಪ ಫೋನಿಟ್ಟ. ಎಂದಿನಂತೆ ಊಟ ಆಯಿತೇ ಎಂದೂ ಕೇಳಲಿಲ್ಲ. ಅದು ನನಗೆ ತಿಳಿಯಿತು, ಆದರೂ ಡ್ಯೂಟಿಯ ಅವಸರವಿರಬೇಕು ಅಂದುಕೊಂಡೆ. ಲೋಕವನ್ನೆಲ್ಲ ಅನುಮಾನಿಸಿದವಳಿಗೆ ಅಪ್ಪನನ್ನು ಅನುಮಾನಿಸಲು ಹೊಳೆಯಲಿಲ್ಲ.

ಪಂದ್ಯದಲ್ಲಿ ಎರಡೂ ಕಡೆ ಗೋಲಾಗಲಿಲ್ಲ. ನಮಗಿಂತ ಬಲವಾದ ತಂಡವದು. ಕೊನೆಗೆ ನಮ್ಮ ಗೋಲ್‌ಕೀಪರನ್ನೂ ದಾಟಿ ಬಂದ ಒಂದು ಚೆಂಡನ್ನು ಗೆರೆಯ ಮೇಲೆ ನಿಂತು ಎದೆಯಿಂದ ತಡೆದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾಮ ಈಗ ನೋಡಬೇಕಿತ್ತು ಎಂದು ಒಳಗೊಳಗೇ ಹೇಳಿಕೊಂಡೆ.

ಮರುದಿನ ವಾಡಿಯಲ್ಲಿ ಇಳಿದರೆ ನಮ್ಮ ಕ್ವಾರ್ಟರ್ಸಿಗೆ ಬೀಗ. ಚಾಚಾನ ಹೆಂಡತಿ ಹೊರಗೆ ಬಂದವರು ನನ್ನ ಕೈ ಹಿಡಿದುಕೊಂಡರು. "ನಿಮ್ಮವ್ವಗ ಗುಲಬರ್ಗಾ ದವಾಖಾನಿಗಿ ಒಯ್ದಾರ. ಹೊಟ್ಟಿ ಆಪರೇಷನ್ ಆಗ್ಯದ. ನಿನಗ ಯಾರೂ ಹೇಳಿಲ್ಲೇನವಾ?" ಅಂದರು. ನಾನು ಫೋನ್ ಮಾಡಿದ ದಿನ ಅಪ್ಪ ರಜೆ ಬರೆದುಕೊಟ್ಟು ಬಟ್ಟೆಬರೆ ಒಯ್ಯಲೆಂದು ದವಾಖಾನೆಯಿಂದ ಬಂದಿದ್ದನಂತೆ. ನಾನು ಮೈದಾನದಲ್ಲಿದ್ದ ಹೊತ್ತಿಗೇ ಅವ್ವನನ್ನು ಒಳಗೆ ಒಯ್ದಿದ್ದರಂತೆ.

ಸಿಕ್ಕ ಗಾಡಿ ಹತ್ತಿ ಗುಲಬರ್ಗಾ ಮುಟ್ಟಿದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಾಮ ಕುಳಿತಿದ್ದ. ರಕ್ತ ಕೊಟ್ಟ ತೋಳಿನ ಮಡಿಕೆಯಲ್ಲಿ ಹತ್ತಿಯ ಉಂಡೆ ಇನ್ನೂ ಅಂಟಿಕೊಂಡಿತ್ತು. ನನ್ನನ್ನು ಕಂಡವನೇ ಎದ್ದು, "ಒಳಗ ಹೋಗವಾ, ಎಚ್ಚರ ಅದಾಳ" ಅಂದ.

ಅವ್ವನ ತುಟಿ ಒಣಗಿತ್ತು. "ನಿಮ್ಮಪ್ಪನ ಮ್ಯಾಲ ಸಿಟ್ಟಾಗಬ್ಯಾಡ" ಅಂದಳು. "ನಿನಗ ಹೇಳಬಾರ್ದಂತ ನಾನ ಆಣಿ ಹಾಕ್ಸಿದ್ದೆ. ಹ್ವಾದ ವರ್ಷ ನಿನ್ನ ಆಟ ತಪ್ಪಿತ್ತಲ್ಲ. ಈ ಸಲ ನನ್ನಿಂದ ತಪ್ಪಬಾರ್ದಂತ. ನಿಮ್ಮ ಮಾಮ ಯಾರಿಗೂ ಕೇಳದ ತಂತಿ ಹಾಕ್ಯಾನ."

ಹೊರಗೆ ಬಂದು ಮಾಮನ ಪಕ್ಕ ಕುಳಿತೆ. "ಮಾಮಾ, ನಿನ್ನ ತಂತಿ ನಾ ನಂಬಲಿಲ್ಲ."

"ಹ್ಯಾಂಗ ನಂಬ್ತಿ? ಮೊದಲ ಸುಳ್ಳ ಹೇಳಿದಾಂವ ನಾನ" ಅಂದ ಅವನು, ಹತ್ತಿಯ ಉಂಡೆಯನ್ನು ಕಿತ್ತು ಕೈಯಲ್ಲಿ ಹೊಸೆಯುತ್ತ. ಆಮೇಲೆ, "ಗೆದ್ದ್ರೇನು?" ಎಂದು ಕೇಳಿದ.

"ಇಲ್ಲ. ಸೋಲಲೂ ಇಲ್ಲ."

ಅವ್ವ ಚೇತರಿಸಿಕೊಂಡಳು. ಮೊಳಕಾಲು ಕೈಕೊಡುವವರೆಗೆ ನಾನು ನಾಯಕಿಯಾಗಿದ್ದೆ. ಆಮೇಲೆ ಸೇಡಂನ ಶಾಲೆಯೊಂದರಲ್ಲಿ ಆಟದ ಟೀಚರಾದೆ. ಮಾಮ ಮತ್ತೆಂದೂ ನನಗೆ ಸಂಬಂಧ ತರಲಿಲ್ಲ. ನಾನು ಊರಿಗೆ ಬಂದಾಗ ಅವನು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ನನ್ನ ಕಡೆ ನೇರವಾಗಿ ನೋಡದೆ, ಚಹಾ ಕುಡಿದು ಬೇಗ ಎದ್ದುಬಿಡುತ್ತಿದ್ದ. ಫೋನಿನಲ್ಲಿ ನಾನು ಅಂದ ಮಾತು ಅವನ ಕಿವಿಗೆ ಬಿದ್ದಿತ್ತೇ? ಅಪ್ಪನನ್ನು ಎರಡು ಸಲ ಕೇಳಿದೆ. ಎರಡು ಸಲವೂ ಅಪ್ಪ, "ನಾ ಹೇಳಿಲ್ಲ" ಅಂದ. ಅಂದು ಫೋನಿನಲ್ಲಿ 'ಆರಾಮ ಅದಾಳ' ಅಂದಷ್ಟೇ ನೆಮ್ಮದಿಯಿಂದ ಅಂದ. ನನಗೆ ನಂಬಿಕೆ ಬರಲಿಲ್ಲ.