ಹುಳುಮನೆಯಲ್ಲಿಟ್ಟ ಹಳದಿ ಗಾಜು

ನಮ್ಮ ಹುತ್ತೂರಿನಲ್ಲಿ ಓದಿದವರಿಗೆ ಬರವಿಲ್ಲ. ಆದರೆ ಶಾಮಲಮ್ಮನ ಮಗಳು ರಜನಿ ಏನು ಓದುತ್ತಿದ್ದಾಳೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಸ್ಕೂಲ್ ಮೇಷ್ಟ್ರಾದ ನಾನು ಅವಳ ತಲೆ ತಿಂದು ಒಂದಿಷ್ಟು ತಿಳಿದುಕೊಂಡೆ. ಗಾಜಿನ ಪಟ್ಟಿಯ ಮೇಲೆ ಗಾಜಿನಂಥದ್ದೇ ತೆಳು ಪದರ, ಅದರೊಳಗೆ ಕಣ್ಣಿಗೆ ಕಾಣದ ಬೆಳ್ಳಿ ಕಣಗಳು. ಅಷ್ಟು ಸಣ್ಣದಾದ ಬೆಳ್ಳಿ ಬೆಳಕಿನ ನೀಲಿಯನ್ನು ನುಂಗುತ್ತದೆ, ಗಾಜು ಹಳದಿ ಕಾಣುತ್ತದೆ.

"ಬೆಳ್ಳಿ ಹೆಂಗಮ್ಮ ಹಳದಿ ಆಗ್ತದೆ?"

"ಅದೇ ಸಾರ್ ನನ್ನ ಪಿಎಚ್‌ಡಿ," ಎಂದು ನಕ್ಕಿದ್ದಳು.

ವರ್ಷಗಳು ಕಳೆದಂತೆ ಆ ಹಳದಿ ಎಷ್ಟು ಉಳಿಯುತ್ತದೆ ಎಂಬುದೇ ಅವಳ ಪ್ರಬಂಧ. ಗಾಜುಗಳಿಗೆ ವಯಸ್ಸಾಗಬೇಕಿತ್ತು. ಅವಳಿಗೂ ಆಗುತ್ತಿತ್ತು, ಅದನ್ನು ಯಾರೂ ಅಳೆಯಲಿಲ್ಲ. ಗೈಡ್ ನಿವೃತ್ತರಾದಾಗ ಲ್ಯಾಬಿನ ಕೋಣೆ ಬೇರೆಯವರ ಪಾಲಾಯಿತು. ಗಾಜುಗಳನ್ನು ಮನೆಗೆ ತಂದು ಹುಳುಮನೆಯ ಅಟ್ಟದ ಮೇಲಿಟ್ಟಳು. ರೇಷ್ಮೆಹುಳು ಸಾಕುವ ಆ ಕೋಣೆಯಷ್ಟು ತಂಪು, ಕತ್ತಲು, ಚೊಕ್ಕಟ ಬೇರೆಲ್ಲಿದೆ? ಕೊನೆಯ ಅಳತೆಯೊಂದೇ ಬಾಕಿಯಿತ್ತು, ಯುನಿವರ್ಸಿಟಿಯ ಗಡುವು ಮುಂದಿನ ತಿಂಗಳು. ಹೊಸದಾಗಿ ಮಾಡಿದರೆ ಮತ್ತೆ ಅಷ್ಟೇ ವರ್ಷ ಕಾಯಬೇಕು.

ಹೊಸ ಹುಳು ತರುವ ಮುಂಚೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು, ಬಾಗಿಲು ಕಿಟಕಿ ಮುಚ್ಚಿ, ಘಾಟನ್ನು ಒಳಗೇ ಕೂಡಿಹಾಕುವುದು ನಮ್ಮ ಕಡೆ ಪದ್ಧತಿ. ರಜನಿಯೇ ಚಿಕ್ಕಂದಿನಿಂದ ಹೊಡೆದವಳು. ನಮಗೆಲ್ಲ ಆ ಘಾಟೆಂದರೆ ಶುದ್ಧ. ಅದು ಬೆಳ್ಳಿಯನ್ನು ತಿನ್ನುತ್ತದೆಂದು ಲ್ಯಾಬಿನಲ್ಲಾಗಿದ್ದರೆ ಅವಳಿಗೆ ತಕ್ಷಣ ಹೊಳೆಯುತ್ತಿತ್ತು. ಹುಟ್ಟಿ ಬೆಳೆದ ಮನೆಯಲ್ಲಿ ಹೊಳೆಯಲಿಲ್ಲ.

ಮಾಲೂರಿನ ಕಾಲೇಜಿನಲ್ಲಿ ಪಾಠ ಮಾಡಿ ಶನಿವಾರ ಸಂಜೆ ಅವಳು ಬಂದಾಗ ನಾನು ಅವರ ಮನೆ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ.

"ಹುಳುಮನೆಗೆ ಪೌಡರ್ ನೀರು ಹೊಡ್ದಾಗ ನಿನ್ನ ಗಾಜನ್ನೂ ಡಬ್ಬದಿಂದ ತೆಗ್ದು ಮೊರದಲ್ಲಿ ಹರಡಿಟ್ಟೆ ಕಣೇ, ಘಾಟು ತಾಗ್ಲಿ ಅಂತ," ಎಂದು ಶಾಮಲಮ್ಮ ಒಂದನ್ನು ಇಳಿಬಿಸಿಲಿಗೆ ಹಿಡಿದರು. "ನೋಡು, ಎಷ್ಟು ವರ್ಷದ ಕಲೆ! ಒಂಚೂರೂ ಇಲ್ಲ."

ಬಣ್ಣವಿಲ್ಲದ ಗಾಜಿನಾಚೆ ತಾಯಿಯ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ರಜನಿ ಆ ಗಾಜನ್ನು ಇಸಿದುಕೊಂಡು ತಾನೂ ಬಿಸಿಲಿಗೆ ಹಿಡಿದು ನೋಡಿದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು.

"ಇನ್ನು ಪಾಸು ಮಾಡ್ತಾರಲ್ವಾ?" ಶಾಮಲಮ್ಮ ಕೇಳಿದರು.

"ಹೂಂ ಅಮ್ಮ," ಎಂದು ರಜನಿ ನಾಳೆ ಬರುವ ಹುಳುಗಳಿಗಾಗಿ ಮೊರಗಳಿಗೆ ಪೇಪರ್ ಹಾಸಲು ಕೂತಳು.